ಬರಗೆಟ್ಟವ, ಆಸೆಬುರುಕ, ಲೋಭಿ: ಯಾರಿಗೆ ಯಾವ ಪದ?

ಎಲ್ರಿಗೂ ನಮಸ್ಕಾರ. ನಾನು ಶಿರಸಿಯವಳು. ಚಿಕ್ಕಂದಿನ ಬಡತನ ದೊಡ್ಡವರಾದ್ಮೇಲೆ ದುರಾಸೆ ಆಗಿ ಉಳಿಯತ್ತಾ ಅಂತ ಒಂದು ಲೇಖನ ಬರೀತಾ ಇದ್ದೇನೆ, ಪದದ ಹತ್ರವೇ ಗಾಡಿ ನಿಂತಿದೆ.

'ದುರಾಸೆ' ಅಂದ ಕೂಡ್ಲೇ ಬೈದ ಹಾಗಾಗ್ತದೆ, ಯಾಕೆ ಬಂತು ಅಂತ ಕೇಳೋಕೇ ಆಗಲ್ಲ. 'ಲೋಭ' ಅರಿಷಡ್ವರ್ಗದ್ದು ಸರಿ, ಆದ್ರೆ ಮಾತಲ್ಲಿ ಲೋಭಿ ಅಂದ್ರೆ ಕೈ ಬಿಚ್ಚದ ಜಿಪುಣ. ನೆದರ್‌ಲ್ಯಾಂಡ್ಸ್‌ನ ಟಿಲ್ಬರ್ಗ್ ವಿಶ್ವವಿದ್ಯಾಲಯದವರು 2015ರಲ್ಲಿ ದುರಾಸೆ ಅಳೆಯೋಕೆ 7 ಹೇಳಿಕೆಗಳ ಒಂದು ಮಾಪಕ ಮಾಡಿದ್ರು, ಅದರ ತಿರುಳು ಎರಡೇ: ಇನ್ನೂ ಬೇಕು ಅನ್ನೋದು, ಎಷ್ಟು ಬಂದ್ರೂ ಸಾಲಲ್ಲ ಅನ್ನೋದು. ಜಿಪುಣತನ ಅದರಲ್ಲಿ ಇಲ್ಲ.

ನಂಗೆ ಹತ್ರ ಅನ್ಸಿದ್ದು 'ಬರಗೆಟ್ಟವ'. ಮದುವೆ ಪಂಕ್ತಿಲಿ ಎಲೆ ಮೇಲೆ ಹೋಳಿಗೆ ಇದ್ದಾಗ್ಲೇ ಇನ್ನೊಂದಕ್ಕೆ ಕೈ ಚಾಚೋ ಹುಡುಗ್ರಿಗೆ 'ಬರಗೆಟ್ಟವರ ಹಂಗೆ ಮಾಡ್ಬೇಡ' ಅಂತಾರಲ್ಲ, ಅದು. ಬೈಗುಳವೇ, ಆದ್ರೆ ಒಳಗೆ ಬರ ಕೂತಿದೆ, ಕಾರಣ ಸಮೇತ ಬೈದ ಹಾಗೆ. ಅಮೆರಿಕದ ಮನಶ್ಶಾಸ್ತ್ರಜ್ಞೆ ಸಾರಾ ಹಿಲ್ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದನ್ನೇ ನೆನಪಿಸ್ತದೆ, ಅನುಕೂಲಸ್ಥರ ಮನೇಲಿ ಬೆಳೆದವ್ರು ಹಸಿವು ನೋಡ್ಕೊಂಡು ತಿಂದ್ರಂತೆ, ಬಡತನದಲ್ಲಿ ಬೆಳೆದವ್ರು ಹಸಿವು ಇರ್ಲಿ ಬಿಡ್ಲಿ ಹೆಚ್ಚುಕಮ್ಮಿ ಅಷ್ಟೇ ತಿಂದ್ರಂತೆ.

ನಮ್ಮ ದೊಡ್ಡಾಯಿ ಕುಮಟಾ ಕಡೆ ಗೇಣಿ ಮನೇಲಿ ಬೆಳೆದವ್ರು. ಬೆಳೆದ ಭತ್ತ ಒಡೇರಿಗೆ ಅಳೆದುಕೊಟ್ಟು ಉಳಿದಿದ್ರಲ್ಲಿ ಮಳೆಗಾಲ ದಾಟ್ಬೇಕಿತ್ತು. 1974ರ ಭೂಸುಧಾರಣೆ ತಿದ್ದುಪಡಿ ಆದ್ಮೇಲೆ ಗದ್ದೆ ಸ್ವಂತದ್ದಾಯ್ತು, ಮಗನಿಗೆ ನೌಕರಿ ಆಯ್ತು, ಆದ್ರೂ ಇವತ್ತಿಗೂ ಕುಚ್ಚಲಕ್ಕಿ ಡಬ್ಬಿ ಸ್ವಲ್ಪ ಇಳಿದ್ರೆ ಅವ್ರಿಗೆ ನಿದ್ದೆ ಹತ್ತಲ್ಲ, ಅಂಗಡಿಯ ಪ್ಲಾಸ್ಟಿಕ್ ಕೊಟ್ಟೆಗಳನ್ನ (ಚೀಲಗಳನ್ನ) ತೊಳೆದು ಒಣಗಿಸಿ ಮಡಚಿ ಹಾಸಿಗೆ ಅಡಿಗೆ ಇಡ್ತಾರೆ, ಊಟಕ್ಕೆ ಹೋದಲ್ಲಿ ಎರಡು ಲಾಡು ಸೆರಗಿಗೆ ಕಟ್ಕೊಳ್ತಾರೆ. ಅದೇ ದೊಡ್ಡಾಯಿ ಬಾಗಿಲಿಗೆ ಬಂದ ಯಾರನ್ನೂ ಉಣ್ಣಿಸದೆ ಕಳಿಸಿದ್ದಿಲ್ಲ. ಇವ್ರನ್ನ ಲೋಭಿ ಅನ್ನೋಕೆ ನನ್ನ ಕೈ ಬರಲ್ಲ.

ಹುಟ್ಟಿದಾಗಿಂದ ತುಂಬಿದ ಮನೇಲೇ ಇದ್ದು, ಪಕ್ಕದವರ ಬೇಲಿ ವರ್ಷ ವರ್ಷ ಒಂದಡಿ ಒಳಗೆ ಸರಿಸೋವ್ರೂ ಇದ್ದಾರೆ. ಅವ್ರಿಗೆ 'ಆಸೆಬುರುಕ' ಸಾಕು, ಬರದ ಹೆಸರು ಅವ್ರಿಗೆ ಯಾಕೆ ಕೊಡ್ಬೇಕು? ಇಬ್ರನ್ನೂ 'ದುರಾಸೆ' ಅಂತ ಒಂದೇ ಚೀಲಕ್ಕೆ ತುಂಬೋದು ಅನ್ಯಾಯ ಅಂತ ನನ್ನ ಗಟ್ಟಿ ಅಭಿಪ್ರಾಯ.

ಬಲ್ಲವರು ಹೇಳಿ. 'ಬರಗೆಟ್ಟ' ನಿಮ್ಮ ಕಡೆ ಊಟಕ್ಕೆ ಮಾತ್ರನಾ, ದುಡ್ಡು ಜಮೀನಿಗೂ ಹೇಳ್ತೀರಾ? 'ಬರಗೆಟ್ಟತನ' ಅಂತ ಬರೆದ್ರೆ ಓದೋಕೆ ಸರಿ ಹೋಗ್ತದಾ? ಕಾರವಾರ, ಅಂಕೋಲಾ ಕಡೆಯವ್ರು ಬೈಗುಳ ಅಲ್ಲದ ಬೇರೆ ಮಾತು ಬಳಸೋದಿದ್ರೆ ಅದನ್ನೂ ದಯವಿಟ್ಟು ತಿಳಿಸಿ.