ತಳ ಚಪ್ಪಟೆಯಾದ ಸ್ಟೀರಿಂಗ್ ಘಟ್ಟದ ರಸ್ತೆಗೆ ಹೊಂದುತ್ತದೆಯೇ?

ಪ್ರಶ್ನೆ (ಮೂಡಿಗೆರೆಯಿಂದ)

ನಾವು ಕೊಳ್ಳಬೇಕೆಂದಿರುವ ಎರಡು ಕಾರುಗಳಲ್ಲಿ ಒಂದರ ಸ್ಟೀರಿಂಗ್ ಪೂರ್ತಿ ದುಂಡಗಿದೆ. ಇನ್ನೊಂದರದು ಈಚಿನ ಸ್ವಿಫ್ಟ್, ಸೆಲ್ಟೋಸ್‌ಗಳಲ್ಲಿರುವಂತೆ ತಳದಲ್ಲಿ ಚಪ್ಪಟೆಯಾಗಿದೆ. ಕೊಟ್ಟಿಗೆಹಾರದಿಂದ ಚಾರ್ಮಾಡಿ ಇಳಿದು ಉಜಿರೆ ಕಡೆಗೆ ಹೋಗಿಬರುವುದು ನಮಗೆ ಆಗಾಗ ಇದ್ದೇ ಇರುತ್ತದೆ. ನನ್ನ ಜೊತೆಗೆ ತಂದೆಯವರೂ ಕಾರು ಓಡಿಸುತ್ತಾರೆ; ಅವರದು ದೊಡ್ಡ ಮೈಕಟ್ಟು, ಮಂಡಿನೋವೂ ಇದೆ. ಈ ಆಕಾರದಿಂದ ನಿಜವಾದ ಪ್ರಯೋಜನವಿದೆಯೇ, ತಿರುವುಗಳಲ್ಲಿ ತೊಡಕಾಗುತ್ತದೆಯೇ ಎಂಬುದನ್ನು ಬಳಸಿ ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ (ಹಾಸನದಿಂದ)

ನಿಮ್ಮ ತಂದೆಯವರಿಗೆ ಪ್ರಯೋಜನವಿದೆ. ಸೀಟನ್ನು ಎತ್ತರಿಸಿಕೊಂಡು ಕೂರುವವರಿಗೆ ತೊಡೆ ಮತ್ತು ಸ್ಟೀರಿಂಗ್ ನಡುವಿನ ಜಾಗವೇ ಸಾಲದು. ಅಲ್ಲಿ ಒಂದೆರಡು ಬೆರಳಿನಷ್ಟು ಜಾಗ ಹೆಚ್ಚಿದರೂ ಹತ್ತಿ ಇಳಿಯುವಾಗ ಮಂಡಿ ತಗಲುವುದು ಕಡಿಮೆಯಾಗುತ್ತದೆ. ಇನ್ನೊಂದು ಅನುಕೂಲವೂ ಉಂಟು. ಚಪ್ಪಟೆ ಭಾಗ ಸರಿಯಾಗಿ ಕೆಳಗಿಲ್ಲದಿದ್ದರೆ ಚಕ್ರಗಳು ನೇರವಾಗಿಲ್ಲ ಎಂದರ್ಥವಾದ್ದರಿಂದ, ಇಕ್ಕಟ್ಟಿನಲ್ಲಿ ನಿಲ್ಲಿಸಿದ ಕಾರನ್ನು ಹೊರತೆಗೆಯುವಾಗ ಕೈಗೇ ಅದು ತಿಳಿಯುತ್ತದೆ; ಆದರೆ ಪೂರ್ತಿ ಒಂದು ಸುತ್ತು ತಿರುಗಿಸಿದ್ದರೂ ಆ ಭಾಗ ಕೆಳಗೇ ಇರುತ್ತದೆ ಎಂಬುದು ನೆನಪಿರಲಿ.

ಉತ್ತರ (ಚಿಕ್ಕಮಗಳೂರಿನಿಂದ)

ಮೇಲಿನ ಮಾತನ್ನು ಒಪ್ಪುತ್ತೇನೆ. ಆದರೆ ಘಟ್ಟದ ವಿಷಯವನ್ನು ಬೇರೆಯಾಗಿಯೇ ನೋಡಬೇಕು. ಈ ಆಕಾರ ಬಂದದ್ದು ರೇಸ್ ಕಾರುಗಳಿಂದ. ಅಲ್ಲಿ ಚಾಲಕ ಕೂರುವ ಜಾಗ ಕಿರಿದು, ಕಾಲು ಚಾಚಿ ಕೂರಬೇಕು. ಫಾರ್ಮುಲಾ ಒನ್ ಕಾರಿನಲ್ಲಂತೂ ಯಾವ ತಿರುವಿನಲ್ಲೂ ಸ್ಟೀರಿಂಗ್‌ನಿಂದ ಕೈ ತೆಗೆಯುವ ಪ್ರಸಂಗವೇ ಬಾರದು. ನಮ್ಮ ಕಾರುಗಳಲ್ಲಿ ಒಂದು ಕೊನೆಯಿಂದ ಇನ್ನೊಂದು ಕೊನೆಗೆ ಸ್ಟೀರಿಂಗನ್ನು ಹೆಚ್ಚುಕಡಿಮೆ ಮೂರು ಸುತ್ತು ತಿರುಗಿಸಬೇಕಾಗುತ್ತದೆ, ಹಾಗಾಗಿ ಹೇರ್‌ಪಿನ್ ತಿರುವಿನಲ್ಲಿ ಕೈ ಬದಲಿಸದೆ ಗತಿಯಿಲ್ಲ. ಅರ್ಧ ಸುತ್ತು ತಿರುಗಿಸಿದಾಗ ತಳದ ಚಪ್ಪಟೆ ಭಾಗ ಮೇಲಕ್ಕೆ ಬಂದಿರುತ್ತದೆ. ದುಂಡು ಸ್ಟೀರಿಂಗ್‌ಗೆ ಒಗ್ಗಿದ ಕೈ ಹುಡುಕುವ ಜಾಗದಲ್ಲಿ ಅಂಚು ಇರುವುದಿಲ್ಲ, ಅದು ಒಳಕ್ಕೆ ಸರಿದಿರುತ್ತದೆ. ತಿರುವು ಮುಗಿದ ಮೇಲೆ ಸ್ಟೀರಿಂಗ್ ತಾನಾಗಿ ಅಂಗೈಯೊಳಗೆ ಜಾರುತ್ತಾ ನೇರಕ್ಕೆ ಮರಳುವಾಗಲೂ ಆ ಎರಡು ಮೂಲೆಗಳು ಕೈಗೆ ತಡೆಯುತ್ತವೆ. ಬಯಲುಸೀಮೆಯ ಹೆದ್ದಾರಿಯಲ್ಲಿ ಇದು ಗಮನಕ್ಕೇ ಬಾರದು. ಮುಳ್ಳಯ್ಯನಗಿರಿಯ ಕಿರಿದಾದ ರಸ್ತೆಯಲ್ಲಿ, ಮಂಜು ಕವಿದು, ಎದುರಿನಿಂದ ಜೀಪು ಬರುತ್ತಿರುವಾಗ ಬಂದೇ ಬರುತ್ತದೆ.

1973ರಲ್ಲಿ ಬ್ರಿಟನ್ನಿನ ಆಸ್ಟಿನ್ ಅಲೆಗ್ರೊ ಕಾರು ಮೂಲೆಗಳನ್ನು ದುಂಡಗಾಗಿಸಿದ ಚೌಕದಂಥ ಸ್ಟೀರಿಂಗ್‌ನೊಂದಿಗೆ ಬಂದಿತ್ತು. ಕಾಲಿಗೆ ಜಾಗ ಹೆಚ್ಚುತ್ತದೆ ಎಂಬುದು ಆಗಲೂ ಒಂದು ಕಾರಣವಾಗಿತ್ತು. ಜನ ಅದನ್ನು ಮೆಚ್ಚಲಿಲ್ಲ, ಕಂಪನಿ ಬೇಗನೆ ದುಂಡು ಸ್ಟೀರಿಂಗ್‌ಗೆ ಮರಳಿತು. ಈಗಿನ ಕಾರುಗಳಲ್ಲಿ ಕತ್ತರಿಸಿರುವುದು ಅಷ್ಟು ದೊಡ್ಡ ಭಾಗವಲ್ಲ, ಆದ್ದರಿಂದ ತೊಡಕೂ ಅಷ್ಟಿಲ್ಲ. ಕೆಲವು ವಾರಗಳಲ್ಲಿ ಕೈ ಒಗ್ಗುತ್ತದೆ. ಅದರಲ್ಲೂ ಒಂದು ಕೈಯಿಂದ ತಳ್ಳಿ ಇನ್ನೊಂದರಿಂದ ಎಳೆಯುತ್ತಾ, ಎರಡೂ ಕೈಗಳನ್ನು ಆಯಾ ಬದಿಯಲ್ಲೇ ಇಟ್ಟುಕೊಂಡು ತಿರುಗಿಸುವವರಿಗೆ ಬೇಗ ಒಗ್ಗುತ್ತದೆ. ಆದರೆ ಒಂದೇ ಮನೆಯಲ್ಲಿ ಎರಡು ಬಗೆಯ ಕಾರುಗಳನ್ನು ಬದಲಿಸಿ ಬದಲಿಸಿ ಓಡಿಸುವವರು ಎಚ್ಚರದಿಂದಿರಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಉತ್ತರ (ಸಕಲೇಶಪುರದಿಂದ)

ಆಕಾರಕ್ಕಿಂತ ಮೊದಲು ಸ್ಟೀರಿಂಗನ್ನು ಮೇಲೆ ಕೆಳಗೆ ಮಾತ್ರವಲ್ಲದೆ ಹಿಂದೆ ಮುಂದೆಯೂ ಹೊಂದಿಸಿಕೊಳ್ಳಲು ಬರುತ್ತದೆಯೇ ಎಂದು ನೋಡಿ. ಮೈಕಟ್ಟು ದೊಡ್ಡದಾದವರಿಗೆ ಅದರಿಂದ ಸಿಗುವ ಅನುಕೂಲ ತಳ ಕತ್ತರಿಸಿದ್ದಕ್ಕಿಂತ ಹೆಚ್ಚು. ಎದೆಯ ಮೂಳೆಗೂ ಸ್ಟೀರಿಂಗ್ ನಡುಭಾಗಕ್ಕೂ ಕನಿಷ್ಠ 25 ಸೆಂ.ಮೀ. ಅಂತರವಿರಬೇಕೆಂದು ಏರ್‌ಬ್ಯಾಗ್ ದೃಷ್ಟಿಯಿಂದ ಹೇಳುತ್ತಾರೆ; ಆ ಅಂತರ ಸಿಗುವುದು ಸೀಟು ಮತ್ತು ಸ್ಟೀರಿಂಗ್ ಎರಡನ್ನೂ ಸರಿಯಾಗಿ ಹೊಂದಿಸಿಕೊಂಡಾಗ, ಚಪ್ಪಟೆ ತಳ ಅದಕ್ಕೆ ನೆರವಾಗದು. ದುಂಡು ಸ್ಟೀರಿಂಗ್ ಇರುವ ಕಾರನ್ನು ಕೊಂಡು ಆಮೇಲೆ ಹೊರಗಿನ ಅಂಗಡಿಯಲ್ಲಿ ಚಪ್ಪಟೆಯದನ್ನು ಹಾಕಿಸುವ ಯೋಚನೆಯನ್ನಂತೂ ಮಾಡಲೇಬೇಡಿ. ಏರ್‌ಬ್ಯಾಗ್ ಮತ್ತು ಅದರ ವೈರಿಂಗ್ ಎರಡೂ ಸ್ಟೀರಿಂಗ್‌ನಲ್ಲೇ ಇವೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ಟೆಸ್ಟ್ ಡ್ರೈವ್‌ಗೆ ತಂದೆಯವರನ್ನೂ ಕರೆದುಕೊಂಡು ಹೋಗುತ್ತೇನೆ. ಶೋರೂಮಿನ ಮುಂದಿನ ನೇರ ರಸ್ತೆಯಲ್ಲಿ ಮಾತ್ರ ಓಡಿಸದೆ, ಮುಳ್ಳಯ್ಯನಗಿರಿ ದಾರಿಯ ಕೈಮರದಿಂದ ಮೇಲೆ ತಿರುವುಗಳಿರುವ ಕಡೆಗೆ ಕೊಂಡೊಯ್ಯಲು ಅನುಮತಿ ಕೇಳುತ್ತೇನೆ. ಹಿಂದೆ ಮುಂದೆ ಹೊಂದಿಸುವ ಸೌಲಭ್ಯ ದುಂಡು ಸ್ಟೀರಿಂಗ್‌ನ ಕಾರಿನಲ್ಲಿದೆ, ಇನ್ನೊಂದರಲ್ಲಿ ಮೇಲಿನ ದರ್ಜೆಯ ಮಾದರಿಗೆ ಮಾತ್ರ ಇದೆ. ಹೀಗಾಗಿ ಸದ್ಯಕ್ಕೆ ಮನಸ್ಸು ದುಂಡು ಸ್ಟೀರಿಂಗ್ ಕಡೆಗೇ ವಾಲಿದೆ.