ನಮ್ಮೂರ ಬ್ಯಾಪ್ಟಿಸ್ಟ್ ಪಾಸ್ಟರ್ ಬಗ್ಗೆ ಎರಡು ಪುಟ ಬರೆಯಬೇಕು, ಏನು ಬರೆಯಲಿ?

ಗಡಿನಾಡು ಹುಡುಗ:

ಎಲ್ಲರಿಗೂ ನಮಸ್ಕಾರ. ನಮ್ಮದು ಮುಳಬಾಗಿಲು ತಾಲ್ಲೂಕು, ಆಂಧ್ರ ಗಡಿ ಪಕ್ಕದ ಹಳ್ಳಿ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಜಗಳ ಎರಡರಲ್ಲೂ. ಊರ ಕೊನೆಯಲ್ಲಿ ಶೀಟ್ ಹಾಕಿದ ಒಂದು ಬ್ಯಾಪ್ಟಿಸ್ಟ್ ಚರ್ಚ್ ಇದೆ. ಅಲ್ಲಿನ ಪಾಸ್ಟರಯ್ಯನಿಗೆ ಈಗ ಅರವತ್ತೆಂಟು, ಬರುವ ಏಪ್ರಿಲ್‌ಗೆ ಚರ್ಚಿನ ಸಭೆಯನ್ನು ಹೊಸಬರಿಗೆ ಒಪ್ಪಿಸಿ ಬಿಡುತ್ತಾರಂತೆ. ಅವರ ಹತ್ತಿರ ಸಂಜೆ ಹೊತ್ತು ಲೆಕ್ಕ, ಇಂಗ್ಲಿಷ್ ಕಲಿತ ನಾವೆಲ್ಲ ಸೇರಿ ಸನ್ಮಾನ ಇಟ್ಟುಕೊಂಡಿದ್ದೇವೆ. ಡೇರಿ ಅಧ್ಯಕ್ಷರೂ ಕೈ ಜೋಡಿಸಿದ್ದಾರೆ. ಒಂದು ಸಣ್ಣ ಪುಸ್ತಿಕೆ ಮಾಡಿಸುತ್ತಿದ್ದೇವೆ, ಅದರಲ್ಲಿ ಅವರ ಪರಿಚಯ ಬರೆಯುವ ಕೆಲಸ ನನ್ನ ತಲೆಗೆ ಬಿದ್ದಿದೆ.

ಕಷ್ಟ ಏನೆಂದರೆ ನಾನು ಚರ್ಚಿಗೆ ಸೇರಿದವನಲ್ಲ. ನನಗೆ ಗೊತ್ತಿರುವುದು ಅವರ ಟಿವಿಎಸ್ ಎಕ್ಸ್‌ಎಲ್, ನಾಡಕಚೇರಿ ಮುಂದೆ ಯಾರದೋ ಪಿಂಚಣಿ ಅರ್ಜಿ ಹಿಡಿದು ನಿಂತಿರುವ ಅವರು, ಆಮೇಲೆ ರಾತ್ರಿ ಹೊತ್ತು ಏನೇ ಆದರೂ ಊರವರು ಮೊದಲು ತಟ್ಟುವ ಬಾಗಿಲು ಅವರದು ಅನ್ನುವುದು, ಅಷ್ಟೇ. ಅವರನ್ನೇ ಕೇಳಿದರೆ "ನಂದೇನಿದೆ ಬಿಡಪ್ಪಾ, ದೇವರು ನಡೆಸಿದ" ಅಂದು ಕಾಫಿ ಕೊಟ್ಟು ಕಳಿಸುತ್ತಾರೆ. ಬ್ಯಾಪ್ಟಿಸ್ಟ್ ಅಂದರೆ ಕೋಲಾರದ ಮೆಥಡಿಸ್ಟ್, ಸಿಎಸ್‌ಐನವರಿಗಿಂತ ಬೇರೆಯಾ? ಇವರಿಗೆ ಸಂಬಳ ಯಾರು ಕೊಡುತ್ತಾರೆ? ಊರಲ್ಲಿ ಕೆಲವರಿಗೆ ಚರ್ಚ್ ಅಂದರೆ ಮತಾಂತರ ಅನ್ನುವ ಅನುಮಾನ ಬೇರೆ. ಅವರೂ ಓದುವಂಥ ಪರಿಚಯ ಹೇಗೆ ಬರೆಯಲಿ?

ಪಾಸ್ಟರಮ್ಮನ ಮಗಳು:

ತಮ್ಮಾ, ನಾನು ಶ್ರೀನಿವಾಸಪುರ ಕಡೆಯವಳು. ಅಪ್ಪ ಹಳ್ಳಿ ಬ್ಯಾಪ್ಟಿಸ್ಟ್ ಸಭೆಯಲ್ಲೇ ಪಾಸ್ಟರ್ ಆಗಿದ್ದವರು, ಈಗಿಲ್ಲ. ಗೊತ್ತಿರುವುದನ್ನು ಹೇಳುತ್ತೇನೆ.

ಬೇರೆ ಹೌದು. 1947ರ ಸೆಪ್ಟೆಂಬರ್ 27ಕ್ಕೆ ಆಂಗ್ಲಿಕನ್, ಪ್ರೆಸ್‌ಬಿಟೇರಿಯನ್, ಕಾಂಗ್ರಿಗೇಷನಲ್, ವೆಸ್ಲಿಯನ್ ಮೆಥಡಿಸ್ಟ್ ಸಭೆಗಳು ಒಂದಾಗಿ ಸಿಎಸ್‌ಐ, ಅಂದರೆ ಚರ್ಚ್ ಆಫ್ ಸೌತ್ ಇಂಡಿಯಾ, ಆಯಿತು. ತುಮಕೂರು, ಗುಬ್ಬಿ ಕಡೆಯ ವೆಸ್ಲಿಯನ್ನರು ಅದರೊಳಗೆ ಹೋದರು. ಇ.ಟಿ.ಸಿ.ಎಂ. ಆಸ್ಪತ್ರೆ ನಡೆಸುವ ಕೋಲಾರದ ಮೆಥಡಿಸ್ಟರು ಅಮೆರಿಕದ ಮಿಷನ್‌ನವರು, ಅವರು ಹೊರಗೇ ಉಳಿದರು. ಬ್ಯಾಪ್ಟಿಸ್ಟರೂ ಹೊರಗೆ. ನಮ್ಮಲ್ಲಿ ಕೂಸಿಗೆ ದೀಕ್ಷಾಸ್ನಾನ, ಅಂದರೆ ಕ್ರೈಸ್ತ ಸಭೆಗೆ ಸೇರಿಸಿಕೊಳ್ಳುವ ನೀರಿನ ವಿಧಿ, ಇಲ್ಲ. ಮಗುವನ್ನು ಸಭೆಯ ಮುಂದೆ ತಂದು ಪ್ರಾರ್ಥನೆ ಮಾಡಿಸುತ್ತಾರೆ, ಅಷ್ಟೇ. ದೊಡ್ಡವನಾಗಿ ತಾನೇ ಬೇಕು ಅಂದಾಗ ಪೂರ್ತಿ ನೀರಲ್ಲಿ ಮುಳುಗಿಸಿ ದೀಕ್ಷಾಸ್ನಾನ.

ಸಂಬಳದ ಪ್ರಶ್ನೆಗೆ ಉತ್ತರವೂ ಇದರ ಪಕ್ಕದಲ್ಲೇ ಇದೆ. ಬಿಷಪ್ ಇಲ್ಲ. ಒಂದೊಂದು ಸಭೆಯೂ ತನ್ನ ಕಾಲ ಮೇಲೆ ತಾನು. ಪಾಸ್ಟರ್ ಬೇಕು, ಬೇಡ ಅನ್ನುವುದನ್ನೂ ಸದಸ್ಯರೇ ಕೂತು ತೀರ್ಮಾನ ಮಾಡುತ್ತಾರೆ. ಪಟ್ಟಣದ ದೊಡ್ಡ ಸಭೆಯಾದರೆ ಸರಿ, ಹಳ್ಳಿಯಲ್ಲಿ ಸದಸ್ಯರೆಲ್ಲ ಕೂಲಿಯವರು, ತುಂಡು ಹೊಲದವರು. ಭಾನುವಾರದ ಕಾಣಿಕೆ, ಕೊಟ್ಟವರ ದಶಮಾಂಶ (ಆದಾಯದ ಹತ್ತರಲ್ಲೊಂದು ಪಾಲು), ವರ್ಷಕ್ಕೊಮ್ಮೆ ಸುಗ್ಗಿ ಹಬ್ಬದಲ್ಲಿ ಕುಂಬಳಕಾಯಿ, ರಾಗಿ, ಕೋಳಿ ಹರಾಜು ಹಾಕಿದ ದುಡ್ಡು. ನಮ್ಮ ಮನೆಯ ಸಂಬಳ ನಿಜವಾಗಿ ತೀರ್ಮಾನ ಆಗುತ್ತಿದ್ದದ್ದು ಟೊಮ್ಯಾಟೊ ಮಂಡಿಯಲ್ಲಿ! ರೇಟು ಬಿದ್ದು ಜನ ಹಣ್ಣನ್ನು ರಸ್ತೆಗೆ ಸುರಿದ ವರ್ಷ ಕಾಣಿಕೆ ತಟ್ಟೆಯಲ್ಲಿ ಚಿಲ್ಲರೆ. 2023ರ ಜುಲೈನಲ್ಲಿ ಕೋಲಾರದಲ್ಲಿ 15 ಕೆಜಿ ಬಾಕ್ಸ್ 2 ಸಾವಿರ ದಾಟಿದಾಗ ಅಪ್ಪ ಇರಲಿಲ್ಲ, ಇದ್ದಿದ್ದರೆ ಚರ್ಚಿಗೆ ಸುಣ್ಣ ಹೊಡೆಸುತ್ತಿದ್ದರು. ಅಮ್ಮ ಹಸು ಕಟ್ಟಿ ಡೇರಿಗೆ ಹಾಲು ಹಾಕುತ್ತಿದ್ದಳು, ರವಿಕೆ ಹೊಲಿಯುತ್ತಿದ್ದಳು. ಮನೆ ನಡೆದದ್ದು ಅದರಲ್ಲಿ. ನಿಮ್ಮ ಪುಸ್ತಿಕೆಯಲ್ಲಿ ಪಾಸ್ಟರಮ್ಮನ ಬಗ್ಗೆ ಒಂದು ಸಾಲಲ್ಲಿ ಮುಗಿಸಬೇಡಿ, ದಯವಿಟ್ಟು.

ದೀಕ್ಷಾಸ್ನಾನದ ನೀರಿನ ಕಥೆಯೇ ಒಂದು ಪುಟ ಆಗುತ್ತದೆ. ನಮ್ಮ ಜಿಲ್ಲೆಯ ಕೆರೆಗಳಲ್ಲಿ ಎಷ್ಟೋ ವರ್ಷ ಜಾಲಿ ಬಿಟ್ಟರೆ ಏನೂ ಇರಲಿಲ್ಲ ಅಲ್ವಾ. ಅಪ್ಪ ಅಭ್ಯರ್ಥಿಗಳನ್ನು ಕೂರಿಸಿಕೊಂಡು ಯಾರದಾದರೂ ಕೃಷಿ ಹೊಂಡಕ್ಕೆ ಹೋಗುತ್ತಿದ್ದರು. ಹೊಂಡಕ್ಕೆ ಹಾಸಿದ ಪ್ಲಾಸ್ಟಿಕ್ ಭಾರಿ ಜಾರುತ್ತದೆ, ಈಜು ಬರುವವನೂ ಹತ್ತಲಾರ. ಅದಕ್ಕೆ ಹಗ್ಗ ಇಳಿಬಿಟ್ಟು, ಇಬ್ಬರನ್ನು ದಡದಲ್ಲಿ ನಿಲ್ಲಿಸಿ, ಆಮೇಲೆ ಇಳಿಯುತ್ತಿದ್ದರು. ಹೊಂಡದ ಯಜಮಾನ ಹೆಚ್ಚಿನ ಸಲ ಚರ್ಚಿನವನಲ್ಲ. "ನಮ್ಮ ಹೊಂಡದಲ್ಲಿ ಪೂಜೆ ಆದರೆ ಒಳ್ಳೇದೇ ಬಿಡಿ ಅಯ್ಯಾ" ಅನ್ನುತ್ತಿದ್ದ. 2018ರ ಜೂನ್‌ನಿಂದ ಕೆ.ಸಿ. ವ್ಯಾಲಿ ನೀರು ಬಂತು, ಕೆರೆಗಳು ತುಂಬಿದವು. ಆದರೆ ಅದು ಬೆಂಗಳೂರಿನ ಕೊಳಚೆಯನ್ನು ಸಂಸ್ಕರಿಸಿ ಅಂತರ್ಜಲಕ್ಕೆ ಅಂತ ಬಿಟ್ಟ ನೀರು. ತಲೆ ಮುಳುಗಿಸಲು ಯಾರಿಗೆ ಮನಸ್ಸು ಬರುತ್ತದೆ? ಕೆರೆ ತುಂಬಿದ ಮೇಲೂ ಹೊಂಡಕ್ಕೇ ಹೋದರು.

ಸುಮ್ನೆ ಕೇಳಿದೆ:

ಅಕ್ಕನ ಮಾತು ಚೆನ್ನಾಗಿದೆ, ಇಲ್ಲ ಅನ್ನಲ್ಲ. ಆದರೆ ಯಾರೂ ಕೇಳದಿದ್ದದ್ದನ್ನು ನಾನು ಕೇಳಿಬಿಡುತ್ತೇನೆ. ಟ್ಯೂಷನ್, ಆಸ್ಪತ್ರೆ, ಪಿಂಚಣಿ ಅರ್ಜಿ ಎಲ್ಲ ಸರಿ, ಕೊನೆಗೆ ಅದರ ಹಿಂದೆ ಎಷ್ಟು ಜನ ಬಂದರು ಅನ್ನುವ ಲೆಕ್ಕ ಇರಲ್ವಾ? ಹೊರದೇಶದ ದುಡ್ಡು ಬರುತ್ತೆ ಅನ್ನೋದು ನಮ್ಮ ಕಡೆ ಎಲ್ಲರ ಬಾಯಲ್ಲೂ ಇದೆ. ಬರೀ ಹೊಗಳಿ ಬರೆದರೆ ನಮ್ಮಂಥವರು ನಂಬಲ್ಲ.

ರಾಬರ್ಟ್‌ಸನ್‌ಪೇಟೆ:

ಕೇಳಿದ್ದು ಒಳ್ಳೆಯದೇ ಆಯಿತು. ನಾನು ಕೆಜಿಎಫ್‌ನವನು. ಗಣಿ ಕೆಲಸಕ್ಕೆ ಚಿತ್ತೂರು, ಉತ್ತರ ಆರ್ಕಾಟ್ ಕಡೆಯಿಂದ ಬಂದವರ ಮೊಮ್ಮಗ, ಮನೆಯವರೆಲ್ಲ ಬ್ಯಾಪ್ಟಿಸ್ಟರು, ನಾನು ಹಬ್ಬಕ್ಕೆ ಮಾತ್ರ ಹೋಗುವವನು.

ದುಡ್ಡಿನ ವಿಷಯ ಮೊದಲು. ಹೊರದೇಶದ ದೇಣಿಗೆ ತೆಗೆದುಕೊಳ್ಳಲು ಎಫ್‌ಸಿಆರ್‌ಎ, ಅಂದರೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ ನೋಂದಣಿ ಬೇಕು. 2020ರ ತಿದ್ದುಪಡಿ ಆದ ಮೇಲೆ ಆ ದುಡ್ಡು ಮೊದಲು ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೇ ಬರಬೇಕು, ಬೇರೆ ಸಂಸ್ಥೆಗೆ ದಾಟಿಸುವ ಹಾಗೂ ಇಲ್ಲ. ದೊಡ್ಡ ಸಂಸ್ಥೆಗಳಿಗೆ ಬರುತ್ತದೆ, ಹೌದು. ಶೀಟು ಸೋರುವ ಹಳ್ಳಿ ಚರ್ಚಿಗೆ ದೆಹಲಿಯಲ್ಲಿ ಖಾತೆ ಎಲ್ಲಿಂದ ಬರಬೇಕು? ಅನುಮಾನ ಇದ್ದರೆ ಕೇಂದ್ರ ಗೃಹ ಇಲಾಖೆಯ ಎಫ್‌ಸಿಆರ್‌ಎ ಜಾಲತಾಣ ಇದೆ, ನೋಡಬಹುದು.

ಇನ್ನು ಜನ ಬರುವ ಲೆಕ್ಕ. ಪಾಸ್ಟರ್ ಅಂದಮೇಲೆ ತನ್ನ ನಂಬಿಕೆಯನ್ನು ಇನ್ನೊಬ್ಬರಿಗೆ ಹೇಳುತ್ತಾನೆ, ಅದನ್ನು ಮುಚ್ಚಿಡುವುದರಲ್ಲಿ ಅರ್ಥ ಇಲ್ಲ. ಸಹಾಯಕ್ಕೆ ಅದು ಷರತ್ತಾ ಅನ್ನುವುದು ನೋಡಬೇಕಾದ ಸಂಗತಿ. ಈ ಪ್ರಶ್ನೆ ಹಳೆಯದು. ಜಾನ್ ಕ್ಲಫ್ ಅಂತ ಅಮೆರಿಕದ ಬ್ಯಾಪ್ಟಿಸ್ಟ್ ಮಿಷನರಿ ಈಗಿನ ಆಂಧ್ರದ ಒಂಗೋಲಿನಲ್ಲಿದ್ದ. ಮೊದಲು ಭೂಮಿ ಅಳೆಯುವ ಸರ್ವೇಯರ್ ಆಗಿದ್ದವನು. 1876-78ರ ಬರ, ನಮ್ಮ ಹಿರಿಯರು ಧಾತು ಈಶ್ವರ ಬರ ಅನ್ನುತ್ತಾರಲ್ಲ, ಅದೇ, ಮೈಸೂರು ಸೀಮೆಯಲ್ಲೇ ಸುಮಾರು ಹತ್ತು ಲಕ್ಷ ಜನ ಸತ್ತ ಬರ. ಆಗ ಅವನು ಬಕಿಂಗ್‌ಹ್ಯಾಮ್ ಕಾಲುವೆಯ ಸುಮಾರು ಮೂರು ಮೈಲಿ ಅಗೆತದ ಗುತ್ತಿಗೆ ಹಿಡಿದು ಹಸಿದವರಿಗೆ ಕೂಲಿ ಕೊಟ್ಟ. ಸೇರುತ್ತೇವೆ ಅಂತ ಜನ ಬಂದರೆ, ಅನ್ನದ ಆಸೆಗೆ ಬಂದಂತಾಗುತ್ತದೆ ಅಂತ ಬರ ಮುಗಿಯುವ ತನಕ ಯಾರಿಗೂ ದೀಕ್ಷಾಸ್ನಾನ ಕೊಡಿಸಲಿಲ್ಲ. ಪರಿಹಾರದ ಕೆಲಸ ನಿಂತ ಮೇಲೆ, 1878ರ ಜುಲೈ 3ರಂದು, ಗುಂಡ್ಲಕಮ್ಮ ನದಿಯಲ್ಲಿ ಒಂದೇ ದಿನ 2,222 ಜನಕ್ಕೆ ಆಯಿತು. ಅಷ್ಟು ಜನ ಯಾಕೆ ಬಂದರು ಅಂತ ಇವತ್ತಿಗೂ ವಾದ ಇದೆ, ಇರಲಿ. ಅದೇ ಬರದಲ್ಲಿ ಇಲ್ಲಿ ಕೋಲಾರದಲ್ಲಿ ಮಿಸ್ ಆನ್‌ಸ್ಟೆ ಅನ್ನುವವರು ಅನಾಥ ಮಕ್ಕಳನ್ನು ಸಾಕಿದರು, ಅವರು ಬ್ಯಾಪ್ಟಿಸ್ಟ್ ಮಿಷನ್‌ನವರಲ್ಲ. ಮುಂದೆ ಆ ಅನಾಥಾಲಯವನ್ನು ಮೆಥಡಿಸ್ಟರಿಗೆ ಒಪ್ಪಿಸಿದರು.

ಇನ್ನೊಂದು ಮಾತು, ಇದು ನಮ್ಮ ಕಡೆ ಯಾರೂ ಬಾಯಿಬಿಟ್ಟು ಹೇಳಲ್ಲ. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಪರಿಶಿಷ್ಟ ಜಾತಿಯವರು ಕ್ರೈಸ್ತರಾದರೆ ಎಸ್‌ಸಿ ಸ್ಥಾನ ಹೋಗುತ್ತದೆ. ಹಾಗಾಗಿ ಹಳ್ಳಿ ಚರ್ಚುಗಳಲ್ಲಿ ವರ್ಷಗಟ್ಟಲೆ ಹಿಂದಿನ ಚಾಪೆಯಲ್ಲಿ ಕೂತು ಹಾಡಿ ಹೋಗುವವರು ಇರುತ್ತಾರೆ, ದೀಕ್ಷಾಸ್ನಾನ ತೆಗೆದುಕೊಳ್ಳಲ್ಲ. ಮಗನ ಹಾಸ್ಟೆಲ್ ಸೀಟು, ಸ್ಕಾಲರ್‌ಶಿಪ್ ಎಲ್ಲ ಅದರ ಮೇಲೆ ನಿಂತಿದೆ. ಒಳ್ಳೆಯ ಪಾಸ್ಟರ್ ಅವರನ್ನು ತಳ್ಳಲ್ಲ, ಅವಸರವನ್ನೂ ಮಾಡಲ್ಲ. ನಿಮ್ಮೂರಿನವರು ಹೇಗೆ ನಡೆದುಕೊಂಡರು ಅಂತ ಕೇಳಿ ನೋಡಿ. ಸೇರದೆ ಉಳಿದವರ ಮನೆಗೂ ಆ ಎಕ್ಸ್‌ಎಲ್ ಹೋಗಿದ್ದರೆ, ಮೇಲಿನವರ ಪ್ರಶ್ನೆಗೆ ಬೇರೆ ಉತ್ತರ ಬೇಡ.

ಸುಮ್ನೆ ಕೇಳಿದೆ:

ಎಸ್‌ಸಿ ಸ್ಥಾನದ ಮಾತು ಯೋಚನೆ ಮಾಡಬೇಕಾದ್ದು. ಉಳಿದದ್ದರಲ್ಲಿ ನನ್ನ ಅನುಮಾನ ನನಗೆ ಇರಲಿ. ಆ ಜಾಲತಾಣ ನೋಡುತ್ತೇನೆ.

ಬಾಗೇಪಲ್ಲಿ ಮೇಷ್ಟ್ರು:

ನಾನು ಹೈಸ್ಕೂಲ್ ಮೇಷ್ಟ್ರಾಗಿ ನಿವೃತ್ತನಾದವನು, ಇಂಥ ಅಭಿನಂದನೆ ಪುಸ್ತಿಕೆಗಳನ್ನು ಓದಿ ಓದಿ ಸುಸ್ತಾಗಿದ್ದೇನೆ. ಎಲ್ಲದರಲ್ಲೂ "ಸರಳ ಸಜ್ಜನಿಕೆಯ ಸಾಕಾರಮೂರ್ತಿ". ಹೆಸರು ಬದಲಾಯಿಸಿದರೆ ತಹಶೀಲ್ದಾರರಿಗೂ ಆಗುತ್ತದೆ, ಸೊಸೈಟಿ ಕಾರ್ಯದರ್ಶಿಗೂ ಆಗುತ್ತದೆ. ಆ ಪದಗಳನ್ನೆಲ್ಲ ತೆಗೆದುಹಾಕಿ, ಅವರು ಮಾಡಿದ ಒಂದು ಕೆಲಸವನ್ನು ಮೊದಲಿಂದ ಕೊನೆತನಕ ಬರೆಯಿರಿ.

ಉದಾಹರಣೆಗೆ ಟಿಬಿ. ಮುಳಬಾಗಿಲು, ಚಿಕ್ಕಬಳ್ಳಾಪುರ ಕಡೆ ಕಲ್ಲು ಕ್ವಾರಿ, ಕ್ರಷರ್ ಕೆಲಸದವರ ಎದೆಗೆ ಧೂಳು ಕೂತು ಟಿಬಿ ಬೇಗ ಅಂಟುತ್ತದೆ. ಮಾತ್ರೆ ಆರು ತಿಂಗಳು. ಎರಡನೇ ತಿಂಗಳಿಗೆ ಕೆಮ್ಮು ಕಡಿಮೆ ಆಗುತ್ತದೆ, ಮಾತ್ರೆ ಬಿಟ್ಟು ಕೆಲಸಕ್ಕೆ ಹೋಗುತ್ತಾನೆ, ಮತ್ತೆ ಬಂದಾಗ ಆ ಮಾತ್ರೆಗೆ ಬಗ್ಗದ ಟಿಬಿ ಬಂದಿರುವ ಅಪಾಯ ಇರುತ್ತದೆ. ಪೌಷ್ಟಿಕ ಆಹಾರಕ್ಕೆ ಅಂತ ಸರ್ಕಾರ 2018ರಿಂದ ತಿಂಗಳಿಗೆ 500 ರೂಪಾಯಿ ಖಾತೆಗೆ ಹಾಕುತ್ತಿತ್ತು, 2024ರ ನವೆಂಬರ್‌ನಿಂದ ಅದು 1,000 ಆಗಿದೆ. ಆಧಾರ್ ಜೋಡಣೆ ಆಗಿಲ್ಲ, ಖಾತೆ ಸತ್ತುಹೋಗಿದೆ ಅಂತ ದುಡ್ಡು ಅಲ್ಲೇ ನಿಲ್ಲುತ್ತದೆ. ನಮ್ಮ ಪಕ್ಕದ ಊರಿನ ಪಾಸ್ಟರ್ ಒಬ್ಬರು ಆಶಾ ಕಾರ್ಯಕರ್ತೆ ಜೊತೆ ಸೇರಿ ಇದನ್ನೇ ಹಿಡಿದಿದ್ದರು. ಬೆಳಗ್ಗೆ ಮನೆ ಮುಂದೆ ಗಾಡಿ ನಿಲ್ಲಿಸಿ "ನುಂಗಿದ್ಯಾ, ಬಾಯಿ ತೆಗಿ ನೋಡೋಣ" ಅಂತ ಕೇಳುವುದು, ಆಮೇಲೆ ಬ್ಯಾಂಕಿಗೆ ಕರೆದುಕೊಂಡು ಹೋಗುವುದು. ಪ್ರವಚನಕ್ಕಿಂತ ಬ್ಯಾಂಕಿನ ಸಾಲಲ್ಲೇ ಅವರು ಜಾಸ್ತಿ ಹೊತ್ತು ನಿಂತಿದ್ದರು ಅಂತ ನಾನು ತಮಾಷೆ ಮಾಡುತ್ತಿದ್ದೆ. ನಿಮ್ಮವರು ನಾಡಕಚೇರಿ ಮುಂದೆ ನಿಂತದ್ದು ಯಾರಿಗಾಗಿ, ಏನಾಯಿತು, ಎಷ್ಟು ಸಲ ವಾಪಸ್ ಕಳಿಸಿದರು, ಅದನ್ನು ಅರ್ಜಿ ಹಾಕಿದವರನ್ನೇ ಕೇಳಿ ಬರೆಯಿರಿ. ಪಾಸ್ಟರನ್ನು ಕೇಳಿದರೆ ಕಾಫಿ ಮಾತ್ರ ಸಿಗುತ್ತದೆ.

ಪುಸ್ತಿಕೆಗಿಂತ ಮುಖ್ಯವಾದ ಒಂದು ಪ್ರಶ್ನೆ: ಏಪ್ರಿಲ್ ಆದಮೇಲೆ ಅವರು ಎಲ್ಲಿರುತ್ತಾರೆ?

ಪಾಸ್ಟರಮ್ಮನ ಮಗಳು:

ಮೇಷ್ಟ್ರು ಸರಿಯಾದ ಜಾಗಕ್ಕೆ ಬಂದರು. ಚರ್ಚ್ ಮನೆ ಸಭೆಯದು, ಹೊಸ ಪಾಸ್ಟರ್ ಬಂದರೆ ಬಿಟ್ಟುಕೊಡಬೇಕು. ಪಿಎಫ್ ಇಲ್ಲ, ಪಿಂಚಣಿ ಇಲ್ಲ. ಊರಲ್ಲಿ ಎಲ್ಲರಿಗೂ ಸಂಧ್ಯಾ ಸುರಕ್ಷಾ ಮಾಡಿಸಿದ ನಮ್ಮಪ್ಪ ತಮ್ಮದನ್ನು ಮಾಡಿಸಿಕೊಂಡಿರಲಿಲ್ಲ, ಅಮ್ಮ ಬೈದು ಬೈದು ಕೊನೆಗೆ ನಾನೇ ಅರ್ಜಿ ಹಾಕಿದೆ. ಬಿಟ್ಟ ಮೇಲೆ ಹಸುಗಳನ್ನು ಮಾರಿ, ಅಣ್ಣನ ಬಾಡಿಗೆ ಮನೆಯ ಒಂದು ರೂಮಿಗೆ ಬಂದರು. ಅಪ್ಪ ಸುಮ್ಮನಿದ್ದರು. ಹಸು ಮಾರಿದ ದಿನ ಅಮ್ಮ ಊಟ ಮಾಡಲಿಲ್ಲ.

ಇನ್ನೊಂದು ಸೇರಿಸಿಬಿಡಿ, ಹಾವು ಕಚ್ಚಿದವರ ವಿಷಯ. ನಮ್ಮ ಕಡೆ ಮೊದಲು ಮಂತ್ರ ಹಾಕುವವನ ಹತ್ತಿರ, ಇಲ್ಲದಿದ್ದರೆ ಪ್ರಾರ್ಥನೆ ಮಾಡಿ ಅಯ್ಯಾ ಅಂತ ಅಪ್ಪನ ಹತ್ತಿರ ಓಡಿಬರುತ್ತಿದ್ದರು. ಅಪ್ಪ "ಪ್ರಾರ್ಥನೆ ದಾರಿಯಲ್ಲಿ ಮಾಡೋಣ, ಮೊದಲು ಗಾಡಿ ಹತ್ತು" ಅನ್ನುತ್ತಿದ್ದರು. ಔಷಧ ಇರುವುದು ಸರ್ಕಾರಿ ಆಸ್ಪತ್ರೆಯಲ್ಲಿ ಅಂತ ಅವರಿಗೆ ಚೆನ್ನಾಗಿ ಗೊತ್ತಿತ್ತು. ನಿಮ್ಮ ಪಾಸ್ಟರಯ್ಯನೂ ಇದೇ ಥರದವರು ಅನ್ನಿಸುತ್ತದೆ.

ಬಾಗೇಪಲ್ಲಿ ಮೇಷ್ಟ್ರು:

ಹಾಗಾದರೆ ಸಮಿತಿಯವರಿಗೆ ಹೇಳಿ, ಹಾರ, ಶಾಲು, ಬೆಳ್ಳಿ ತಟ್ಟೆ ಕಡಿಮೆ ಮಾಡಿ. ಅರವತ್ತು ದಾಟಿದವರಿಗೆ ಅಂಚೆ ಕಚೇರಿಯಲ್ಲಿ ಹಿರಿಯ ನಾಗರಿಕರ ಉಳಿತಾಯ ಯೋಜನೆ ಇದೆ, ಮೂರು ತಿಂಗಳಿಗೊಮ್ಮೆ ಬಡ್ಡಿ ಕೈಗೆ ಬರುತ್ತದೆ. ಸೇರಿದ ದುಡ್ಡನ್ನು ಅದರಲ್ಲಿ ಇಟ್ಟು ಗಂಡ ಹೆಂಡತಿ ಇಬ್ಬರ ಹೆಸರಲ್ಲಿ ಜಂಟಿ ಖಾತೆ ಮಾಡಿಸಿ. ಕೈಗೆ ಕೊಟ್ಟರೆ ಸಂಜೆಯೊಳಗೆ ಯಾರದೋ ಆಸ್ಪತ್ರೆ ಬಿಲ್ಲಿಗೆ ಹೋಗುತ್ತದೆ.

ಗಡಿನಾಡು ಹುಡುಗ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇವತ್ತು ಸಂಜೆ ಪಾಸ್ಟರಮ್ಮನ ಹತ್ತಿರ ಕೂತಿದ್ದೆ, ಅಯ್ಯ ಮನೆಯಲ್ಲಿ ಇರಲಿಲ್ಲ, ಅದಕ್ಕೇ ಮಾತು ಸಿಕ್ಕಿತು. ಮನೆಯ ವಿಷಯ ಅಕ್ಕ ಹೇಳಿದ ಹಾಗೇ ಇದೆ, ಇವರಿಗೂ ಎಲ್ಲಿಗೆ ಹೋಗಬೇಕು ಅಂತ ತೀರ್ಮಾನ ಆಗಿಲ್ಲ. ನಮಗೆ ಯಾರಿಗೂ ಹೊಳೆದಿರಲಿಲ್ಲ. ಸೇರದೆ ಉಳಿದವರ ಬಗ್ಗೆಯೂ ಕೇಳಿದೆ. ಕೈಬೆರಳಲ್ಲಿ ಎಣಿಸಲು ಹೋಗಿ, "ನಿಮ್ಮ ಅಜ್ಜಿಯೂ ಭಾನುವಾರ ಬರುತ್ತಿದ್ದಳು, ಗೊತ್ತಿಲ್ವಾ?" ಅಂದರು. ನನಗೆ ಗೊತ್ತಿರಲಿಲ್ಲ, ಅಪ್ಪನನ್ನು ಕೇಳಬೇಕು.

ಬೆಳ್ಳಿ ತಟ್ಟೆಗೆ ಡೇರಿ ಅಧ್ಯಕ್ಷರು ಆಗಲೇ ಅಡ್ವಾನ್ಸ್ ಕೊಟ್ಟುಬಿಟ್ಟಿದ್ದಾರೆ. ನಾಳೆ ಹಾಲು ಹಾಕಲು ಹೋದಾಗ ಮಾತಾಡುತ್ತೇನೆ. ಊರಲ್ಲೇ ಒಂದು ಖಾಲಿ ಮನೆ ಇದೆ, ಅಧ್ಯಕ್ಷರ ತಮ್ಮನದು, ಬಾಡಿಗೆ ವಿಷಯ ಅದೇ ಹೊತ್ತಲ್ಲಿ ತೆಗೆಯಬೇಕು ಅಂತಿದ್ದೇನೆ.