ಬಿಯರ್ ‘ಬ್ರೂ’ ಮಾಡುವುದಕ್ಕೆ ಕನ್ನಡದಲ್ಲಿ ಏನನ್ನೋಣ? ಶುಕ್ರವಾರದೊಳಗೆ ಬೇಕು

ಸಿಯಾಟಲ್‌ನಿಂದ:

ಕನ್ನಡ ಪದ ಹುಡುಕುವ ಈ ಗುಂಪಿನ ಎಲ್ಲರಿಗೂ ನಮಸ್ಕಾರ. ಶುಕ್ರವಾರ ಅಚ್ಚಿಗೆ ಕೊಡಬೇಕು, ಅದಕ್ಕೇ ಈ ಅವಸರ. ಇಲ್ಲಿ ನಾವು ಕೆಲವರು ಕನ್ನಡದವರು ಹವ್ಯಾಸಕ್ಕೆ ಮನೆಯಲ್ಲೇ ಬಿಯರ್ ಮಾಡುತ್ತೇವೆ. ಭಾನುವಾರ ನಮ್ಮ ಗ್ಯಾರೇಜಿನಲ್ಲಿ ಹೊಸಬರಿಗೆ ತೋರಿಸಿಕೊಡುವುದಿದೆ. ಊರಿಂದ ಬಂದಿರುವ ಅಪ್ಪ ಅಮ್ಮಂದಿರೂ ಇರುತ್ತಾರೆ. ಬಾಗಿಲಿಗೊಂದು ಬೋರ್ಡು, ಪಾತ್ರೆಗಳಿಗೆ ಚೀಟಿ, ಎರಡು ಪುಟದ ಕೈಪಿಡಿ, ಇಷ್ಟು ಕನ್ನಡದಲ್ಲಿ ಬೇಕು.

ಕಾನೂನು ಕೇಳುವವರಿಗೆ ಮೊದಲೇ ಹೇಳಿಬಿಡುತ್ತೇನೆ. ಅಮೆರಿಕದಲ್ಲಿ 1978ರ ಕಾಯ್ದೆಯಿಂದ ಸ್ವಂತಕ್ಕೆ ಮಾಡಿಕೊಳ್ಳುವ ಬಿಯರಿಗೆ ತೆರಿಗೆ ಇಲ್ಲ. ವಯಸ್ಕರು ಒಬ್ಬರೇ ಇರುವ ಮನೆಗೆ ವರ್ಷಕ್ಕೆ 100 ಗ್ಯಾಲನ್, ಇಬ್ಬರು ಅಥವಾ ಹೆಚ್ಚು ಇದ್ದರೆ 200. ಮಾರುವಂತಿಲ್ಲ. ಭಟ್ಟಿ ಇಳಿಸುವುದಕ್ಕೆ ಈ ರಿಯಾಯಿತಿ ಇಲ್ಲ. ಆದ್ದರಿಂದ ಬೋರ್ಡಿನ ಮೇಲೆ ‘ಮನೆ ಭಟ್ಟಿ’ ಅಂತ ಬರೆಯೋಕೆ ನನಗೆ ಭಯ. ಬಿಯರಿನಲ್ಲಿ ಆವಿ ಹಿಡಿದು ಇಳಿಸುವ ಕೆಲಸವೇ ಇಲ್ಲ ಅಲ್ವಾ?

ಕೆಲಸ ಇಷ್ಟು: ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು (ಮಾಲ್ಟ್) ನುಚ್ಚು ಮಾಡಿ, 65ರಿಂದ 68 ಡಿಗ್ರಿ ಸೆಲ್ಸಿಯಸ್ ಬಿಸಿನೀರಲ್ಲಿ ಒಂದು ಗಂಟೆ ಇಡುತ್ತೇವೆ. ಸಿಹಿ ನೀರು ಬಿಡುತ್ತದೆ. ಅದನ್ನು ಸೋಸಿ, ಹಾಪ್ಸ್ (ಕಹಿ, ಘಮ ಕೊಡುವ ಒಂದು ಬಳ್ಳಿಯ ಹೂವು) ಹಾಕಿ ಕುದಿಸುತ್ತೇವೆ. ತಣಿಸಿ, ಯೀಸ್ಟ್ ಹಾಕಿ, ಮುಚ್ಚಿಡುತ್ತೇವೆ. ಈಗ ಬ್ರೂ, ವರ್ಟ್ (ಆ ಸಿಹಿ ನೀರು), ಯೀಸ್ಟ್, ಏರ್‌ಲಾಕ್ (ಜಾಡಿಯೊಳಗಿನ ಗ್ಯಾಸು ಹೊರಬಿಡುವ ಕೊಳವೆ), ಹೈಡ್ರೋಮೀಟರ್ (ಸಾಂದ್ರತೆ ಅಳೆಯುವ ಸಾಧನ), ಇವಕ್ಕೆಲ್ಲ ಏನು ಬರೆಯಲಿ?

ಮೈಸೂರಿನಿಂದ:

ಯೀಸ್ಟ್‌ಗೆ ‘ಕಿಣ್ವ’ ಇದೆ. ಹುಡುಕುವುದೇ ಬೇಡ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಸುರಾಧ್ಯಕ್ಷ (ಮದ್ಯದ ಮೇಲ್ವಿಚಾರಕ) ಪ್ರಕರಣ ನೋಡಿ. ಉದ್ದು, ಅಕ್ಕಿ ಸೇರಿಸಿ ಕಿಣ್ವ ಕಟ್ಟುವ ಅಳತೆ ಅಲ್ಲೇ ಕೊಟ್ಟಿದೆ. ಆ ಹಸ್ತಪ್ರತಿ ನಮ್ಮ ಮೈಸೂರಿನಲ್ಲೇ ಸಿಕ್ಕಿ, ಆರ್. ಶಾಮಾಶಾಸ್ತ್ರಿಗಳ ಕೈಯಲ್ಲಿ 1909ರಲ್ಲಿ ಅಚ್ಚಾಯಿತು. ಇಷ್ಟು ಹಳೆಯ ಶಬ್ದ ಮನೆಯಲ್ಲಿಟ್ಟುಕೊಂಡು ‘ಯೀಸ್ಟ್’ ಅಂತ ಬರೆಯುವುದು ನಾಚಿಕೆ. ಬ್ರೂ ಮಾಡುವುದು ‘ಕಿಣ್ವನ’.

ತುಮಕೂರಿನಿಂದ:

ಕಿಣ್ವ ಕನ್ನಡವಲ್ಲ. ‘ಹೆಪ್ಪು’ ಎನ್ನಿ. ಹಾಲಿಗೆ ಹೆಪ್ಪು ಹಾಕಲು ಬರುವವರಿಗೆ ಬಿಯರಿಗೂ ಹಾಕಲು ಬರುತ್ತದೆ. ಬಿಯರಿಗೆ ಹಳಗನ್ನಡದ ‘ಕಳ್’ ಇದೆ. ಜವೆಯ ಕಳ್ ಎಂದರೆ ಜವೆಗಳ್, ಮಾಡುವವನು ಜವೆಗಳ್ಳಿಗ. ಇನ್ನೊಂದು ವಿಷಯ, ‘ಕಳ್ಳಭಟ್ಟಿ’ಯಲ್ಲಿರುವುದೂ ಈ ಕಳ್ಳೇ. ಕಳ್ಳಿನ ಭಟ್ಟಿ ಅದು. ಕಳ್ಳತನದ ಅರ್ಥ ಆಮೇಲೆ ಅಂಟಿಕೊಂಡದ್ದು. ‘ಭಟ್ಟಿ’ಯನ್ನೂ ಬಟ್ಟಿ ಎಂದೇ ಬರೆಯಬೇಕು, ನಮ್ಮ ಬಾಯಲ್ಲಿ ಮಹಾಪ್ರಾಣ ಇಲ್ಲ.

ಮೈಸೂರಿನಿಂದ:

ಕಳ್ಳನೋಟು, ಕಳ್ಳಸಾಗಣೆ ಇವೂ ಕಳ್ಳಿನಿಂದ ಬಂದವೋ? ಕದ್ದುಮುಚ್ಚಿ ನಡೆಸುವ ಭಟ್ಟಿ ಕಳ್ಳಭಟ್ಟಿ. ಭಟ್ಟಿ ಎಂಬುದು ಸಂಸ್ಕೃತದ ಭ್ರಾಷ್ಟ್ರದಿಂದ ಬಂದದ್ದು, ಹುರಿಯುವ ಒಲೆ. ಚರ್ಚೆ ಮುಗಿಯಿತು.

ಧಾರವಾಡದಿಂದ:

ಚರ್ಚೆ ಹೇಗೆ ಮುಗೀತದ ರೀ? ಅವರು ಕೇಳಿದ್ದಕ್ಕೆ ಇನ್ನೂ ಯಾರೂ ಉತ್ತರ ಕೊಟ್ಟಿಲ್ಲ.

ಮೊದಲು ಒಂದು ಎಚ್ಚರಿಕೆ. ತುಮಕೂರಿನವರ ‘ಜವೆ’ ಬಳಸಬೇಡಿ. ನಿಘಂಟಿನಲ್ಲಿ ಜವೆಗೋಧಿ ಅಂದರೆ ಬಾರ್ಲಿ, ಸಂಸ್ಕೃತದ ಯವದಿಂದ ಬಂದದ್ದು, ಸರಿ. ಆದರೆ ನಮ್ಮ ಕಡೆ ಪೇಟೆಯಲ್ಲಿ ಜವೆಗೋಧಿ ಕೇಳಿದರೆ ಕಪ್ಲಿ ಗೋಧಿ ಕೊಡುತ್ತಾರೆ, ಹುಗ್ಗಿ ಮಾಡುವುದು. ಬಿಯರಿಗೆ ಬಾರ್ಲಿಯೇ ಬೇಕು. ಅದರ ಸಿಪ್ಪೆ ಕಾಳಿಗೆ ಅಂಟಿಕೊಂಡೇ ಇರುತ್ತದೆ. ನೀರು ಸೋಸುವಾಗ ಆ ಸಿಪ್ಪೆಯೇ ಜರಡಿಯ ಕೆಲಸ ಮಾಡುತ್ತದೆ. ಸಿಪ್ಪೆ ತೆಗೆದ ಗೋಧಿ ಜಾಸ್ತಿ ಹಾಕಿದರೆ ಎಲ್ಲ ಅಂಟಾಗಿ ಕೂತುಬಿಡುತ್ತದೆ. ಕೈಪಿಡಿ ಓದಿದವರೊಬ್ಬರು ಕಪ್ಲಿ ಗೋಧಿ ತಂದರೆ ಬೈಗುಳ ನಿಮಗೇ. ‘ಬಾರ್ಲಿ’ ಅಂತಲೇ ಬರೆಯಿರಿ.

ಬರೀ ‘ಮಾಲ್ಟ್’ ಅಂದರೂ ತೊಂದರೆ. ನಮ್ಮ ಅಮ್ಮಂದಿರಿಗೆ ಮಾಲ್ಟ್ ಅಂದರೆ ರಾಗಿ ಮಾಲ್ಟ್, ಬೆಳಿಗ್ಗೆ ಬಿಸಿಬಿಸಿ ಕುಡಿಯುವುದು. ‘ಮೊಳಕೆ ಬಾರ್ಲಿ’ ಎನ್ನಿ, ಆವರಣದಲ್ಲಿ ಮಾಲ್ಟ್ ಇರಲಿ.

ವರ್ಟ್‌ಗೆ ‘ಕಟ್ಟು’. ಬೇಳೆ ಬೇಯಿಸಿ ಬಸಿದ ನೀರಿಗೆ ಕಟ್ಟು ಅನ್ನುತ್ತೇವೆ, ಅದರಿಂದ ಕಟ್ಟಿನ ಸಾರು. ಇದೂ ಅದೇ, ಕಾಳಿನ ಸಾರ ಬಿಟ್ಟ ನೀರು. ಬಾರ್ಲಿ ಕಟ್ಟು. ಸೋಸುವುದಕ್ಕೆ ‘ಬಸಿ’. ಕುದಿಸುವ ದೊಡ್ಡ ಪಾತ್ರೆ ‘ಹಂಡೆ’. ತಳದಲ್ಲಿ ಕೂರುವುದು ‘ಮಡ್ಡಿ’. ಬಸಿದು ಉಳಿದ ಕಾಳು ‘ಚರಟ’. ಇದಕ್ಕೆಲ್ಲ ನಿಘಂಟು ಯಾಕೆ ಬೇಕು?

ಬೆಂಗಳೂರಿನಿಂದ:

ಇಲ್ಲಿನ ಒಂದು ಮೈಕ್ರೋಬ್ರೂವರಿಯಲ್ಲಿ ನನ್ನ ಕೆಲಸ. ನಮ್ಮ ಹುಡುಗರು ವರ್ಟ್, ಮ್ಯಾಶ್ (ನುಚ್ಚು ನೆನೆಸುವುದು), ಟ್ಯಾಂಕ್ ಅಂತಲೇ ಮಾತಾಡುತ್ತಾರೆ, ಒಂದು ದಿನವೂ ಕಷ್ಟ ಆಗಿಲ್ಲ. ಆದರೂ ‘ಕಟ್ಟು’ ಚೆನ್ನಾಗಿದೆ, ಒಪ್ಪಿದೆ.

‘ಕಿಣ್ವ’ ಮಾತ್ರ ಖಂಡಿತ ಬೇಡ. ಶಾಲೆಯ ಪುಸ್ತಕದಲ್ಲಿ ಕಿಣ್ವ ಅಂದರೆ ಎನ್‌ಜೈಮ್. ಬಿಯರಿನಲ್ಲಿ ಎರಡೂ ಬರುತ್ತವೆ. ಬಾರ್ಲಿ ಮೊಳೆಯುವಾಗ ಕಾಳಲ್ಲಿ ಕಿಣ್ವ ಹುಟ್ಟುತ್ತದೆ. ಅದು ಬಿಸಿನೀರಿನಲ್ಲಿ ಪಿಷ್ಟವನ್ನು ಸಕ್ಕರೆ ಮಾಡುತ್ತದೆ. ಆಮೇಲೆ ಯೀಸ್ಟ್ ಬಂದು ಆ ಸಕ್ಕರೆ ತಿಂದು ಆಲ್ಕೋಹಾಲ್ ಮಾಡುತ್ತದೆ. ಎರಡಕ್ಕೂ ಒಂದೇ ಹೆಸರಿಟ್ಟರೆ ‘65 ಡಿಗ್ರಿಯಲ್ಲಿ ಕಿಣ್ವ ಕೆಲಸ ಮಾಡುತ್ತದೆ’ ಅಂತ ಓದಿ ಯಾರಾದರೂ ಆ ಬಿಸಿಗೇ ಯೀಸ್ಟ್ ಸುರಿಯುತ್ತಾರೆ. ಸತ್ತೇ ಹೋಗುತ್ತದೆ. ಏಲ್ (ಒಂದು ಬಗೆಯ ಬಿಯರ್) ಯೀಸ್ಟ್ ಹಾಕುವಾಗ ಕಟ್ಟು 20 ಡಿಗ್ರಿ ಆಸುಪಾಸು ಇರಬೇಕು.

‘ಹುಳಿ ಬರಿಸು’ ಅಂತಲೂ ಬರೆಯಬೇಡಿ. ದೋಸೆ ಹಿಟ್ಟಿಗೆ ಹುಳಿ ಬಂದರೆ ಖುಷಿ. ನಮ್ಮ ಟ್ಯಾಂಕಿಗೆ ಹುಳಿ ಬಂತು ಅಂದರೆ ಬ್ಯಾಕ್ಟೀರಿಯಾ ಸೇರಿದೆ ಅಂತ ಲೆಕ್ಕ, ಚರಂಡಿಗೆ ಚೆಲ್ಲಬೇಕು. ಬೇಕೆಂದೇ ಹುಳಿ ಮಾಡುವ ಬಿಯರೂ ಇದೆ, ಅದು ಹೊಸಬರಿಗೆ ಬೇಡ. ‘ಹುದುಗು’ ಸಾಕು.

ಮೈಸೂರಿನಿಂದ:

ಶಾಲೆಯ ಪುಸ್ತಕದವರು ಶಬ್ದ ಕದ್ದು ಬೇರೆ ಅರ್ಥಕ್ಕೆ ಹಚ್ಚಿದರೆ ಅದು ನನ್ನ ತಪ್ಪಲ್ಲ.

ತುಮಕೂರಿನಿಂದ:

ಹುದುಗು ಒಪ್ಪುತ್ತೇನೆ. ಹುದುಗು ಎಂದರೆ ಒಳಗೆ ಅಡಗು ಎಂದೂ ಅರ್ಥ. ಕಣ್ಣಿಗೆ ಕಾಣದೆ ಅಡಗಿ ಕೆಲಸ ಮಾಡುವುದರಿಂದಲೇ ಈ ಹೆಸರು. ನಮ್ಮ ಹಿರಿಯರಿಗೆ ಸೂಕ್ಷ್ಮಜೀವಿಯ ಅರಿವಿತ್ತು.

ಧಾರವಾಡದಿಂದ:

ಸುಮ್ನಿರಿ ಸರ್.

ಮಂಗಳೂರಿನಿಂದ:

ಹೆಪ್ಪಿನ ಬಗ್ಗೆ ಒಂದು ಮಾತು. ಹೆಪ್ಪು ಹಾಕಿದ್ದು ಗಟ್ಟಿಯಾಗಬೇಕು, ಮೊಸರಿನ ಹಾಗೆ. ರಕ್ತ ಹೆಪ್ಪುಗಟ್ಟಿತು ಅನ್ನುತ್ತೇವೆ. ಬಿಯರ್ ಹೆಪ್ಪುಗಟ್ಟಿದರೆ ಅದನ್ನು ಕುಡಿಯುವವರು ಯಾರು? ನಮ್ಮ ಕಡೆ ಸನ್ನಾಸ್ ಹಿಟ್ಟು ಉಬ್ಬಲು ಕಳ್ಳು ಹಾಕುತ್ತಾರೆ. ಅದನ್ನು ಯಾರೂ ಹೆಪ್ಪು ಅನ್ನುವುದಿಲ್ಲ. ಕಳ್ಳು ಅಂತಲೇ ಅನ್ನುತ್ತಾರೆ, ಮತ್ತು ಅದು ಮರದಿಂದ ಬಂದದ್ದೇ ಆಗಿರಬೇಕು. ಬಾರ್ಲಿಯದ್ದನ್ನು ಕಳ್ಳು ಅಂದರೆ ಇಲ್ಲಿ ಯಾರೂ ನಂಬುವುದಿಲ್ಲ.

ಬ್ರೂ ಮಾಡುವುದಕ್ಕೆ ‘ಇಳಿಸು’ ಆಗುತ್ತದಾ? ಫಿಲ್ಟರಿನಲ್ಲಿ ಡಿಕಾಕ್ಷನ್ ಇಳಿಯುತ್ತದೆ. ಇದರಲ್ಲೂ ಕಟ್ಟು ಇಳಿಯುತ್ತದೆ ಅಲ್ವಾ?

ಬೆಂಗಳೂರಿನಿಂದ:

ಮೇಡಂ, ‘ಮನೆಯಲ್ಲಿ ಬಿಯರ್ ಇಳಿಸುವುದು ಹೇಗೆ’ ಅಂತ ಬೋರ್ಡು ಹಾಕಿದರೆ ಗಂಟಲಿಗೆ ಇಳಿಸಿಕೊಳ್ಳುವವರೇ ಮೊದಲು ಬಂದು ನಿಲ್ಲುತ್ತಾರೆ. ‘ಕಾಯಿಸು’ ಕೂಡ ಬೇಡ, ಅದು ಸಾರಾಯಿಗೆ ಅಂಟಿಕೊಂಡಿದೆ.

ಹೈಡ್ರೋಮೀಟರ್ ಹಾಗೇ ಇರಲಿ. ‘ಹಾಲಿನ ಡಿಗ್ರಿ ನೋಡುವ ಲ್ಯಾಕ್ಟೋಮೀಟರ್ ಇದರ ತಮ್ಮ’ ಅಂತ ಒಂದು ಸಾಲು ಸೇರಿಸಿ, ಡೇರಿಗೆ ಹಾಲು ಹಾಕಿದವರಿಗೆ ಥಟ್ಟನೆ ಹೊಳೆಯುತ್ತದೆ. ಲೆಕ್ಕವನ್ನೂ ಹೇಳಿ. ಸಾಂದ್ರತೆ ಶುರುವಿನಲ್ಲಿ 1.050, ಕೊನೆಗೆ 1.010 ಬಂದರೆ ವ್ಯತ್ಯಾಸವನ್ನು 131ರಿಂದ ಗುಣಿಸಿ. ಸುಮಾರು 5.2 ಶೇಕಡಾ ಆಲ್ಕೋಹಾಲ್.

ತುಮಕೂರಿನಿಂದ:

ಹೈಡ್ರೋಮೀಟರ್ ಹಾಗೇ, ಹಾಪ್ಸ್ ಹಾಗೇ, ಯೀಸ್ಟ್ ಹಾಗೇ. ಹಾಗಾದರೆ ಈ ಗುಂಪು ಯಾಕೆ? ಪದ ಹುಟ್ಟಿಸಲು ಆಗದವರು ಇಂಗ್ಲಿಷಿನಲ್ಲೇ ಬೋರ್ಡು ಹಾಕಿಕೊಳ್ಳಲಿ. ಏರ್‌ಲಾಕ್‌ಗೆ ‘ಗಾಳಿಬೀಗ’ ಎನ್ನಲು ಏನು ಕಷ್ಟ?

ಧಾರವಾಡದಿಂದ:

ಕಷ್ಟ ಏನೆಂದರೆ ಅದರಲ್ಲಿ ಬೀಗ ಇಲ್ಲ. ಒಳಗಿನ ಗ್ಯಾಸು ನೀರಿನ ಮೂಲಕ ಹೊರಗೆ ಹೋಗುತ್ತದೆ, ಹೊರಗಿನ ಗಾಳಿ ಒಳಗೆ ಬರುವುದಿಲ್ಲ. ಬೀಗ ಅಂತ ಓದಿ ಯಾರಾದರೂ ಬಿಗಿಯಾಗಿ ಮುಚ್ಚಿದರೆ ಜಾಡಿ ಒಡೆಯುತ್ತದೆ. ಇಂಗ್ಲಿಷಿನ ಎರಡು ಚೂರನ್ನು ಕನ್ನಡ ಮಾಡಿ ಅಂಟಿಸಿದರೆ ಪದ ಹುಟ್ಟುವುದಿಲ್ಲ. ‘ಗ್ಯಾಸ್ ಕೊಳವೆ’ ಅಂತ ಬರೆದು ಬಿಡಿ.

ಎರವಲಿನ ಮಾತಿಗೆ ಬಂದರೆ, ಹಾಪ್ಸ್ ನಮ್ಮ ಬಳ್ಳಿ ಅಲ್ಲ, ನಮ್ಮ ಅಡುಗೆಯಲ್ಲಿ ಇಲ್ಲ. ವಸ್ತು ಹೊರಗಿನದು, ಹೆಸರೂ ಅದರ ಜೊತೆ ಬರಲಿ. ಮೆಣಸಿನಕಾಯಿ ಬಂದಾಗ ಹಿರಿಯರು ಮೆಣಸಿಗೆ ಕಾಯಿ ಸೇರಿಸಿದರು, ಯಾಕೆಂದರೆ ಖಾರ ಅವರಿಗೆ ಮೊದಲೇ ಗೊತ್ತಿತ್ತು. ಹಾಪ್ಸಿನ ಕಹಿ, ಘಮಕ್ಕೆ ಹೋಲಿಸಲು ಏನಿದೆ? ಆದರೆ ನೆನೆಸುವುದು, ಬಸಿಯುವುದು, ಕುದಿಸುವುದು, ಹುದುಗುವುದು ನಮ್ಮ ಮನೆಯ ಕೆಲಸ. ಅಲ್ಲಿ ಮ್ಯಾಶ್, ಲಾಟರ್ (ಬಸಿಯುವುದು) ಅಂತ ಬರೆದರೆ ನನಗೂ ಸಿಟ್ಟು ಬರುತ್ತದೆ.

ಮೈಸೂರಿನಿಂದ:

ಪಾತ್ರೆ ಸ್ಯಾನಿಟೈಸ್ ಮಾಡುವುದನ್ನು ಯಾರೂ ಮುಟ್ಟಲಿಲ್ಲ. ‘ಮಡಿ ಮಾಡು’ ಎನ್ನಬಹುದು. ತೊಳೆಯುವುದು ಬೇರೆ, ಮಡಿ ಬೇರೆ. ತೊಳೆದ ಮೇಲೂ ಮುಟ್ಟಿದರೆ ಕೆಟ್ಟಿತು.

ತುಮಕೂರಿನಿಂದ:

ಹೆಂಡಕ್ಕೂ ಮಡಿಯೇ! ಈ ಪದ ಬೇಡ. ಮಡಿಯ ಹೆಸರಲ್ಲಿ ಯಾರನ್ನು ದೂರ ಇಟ್ಟಿದ್ದರು ಅಂತ ಎಲ್ಲರಿಗೂ ಗೊತ್ತು.

ಸಿಯಾಟಲ್‌ನಿಂದ:

ಅಚ್ಚಿಗೆ ಕಳಿಸಿದೆ. ಬೋರ್ಡಿನಲ್ಲಿ ‘ಮನೆಯಲ್ಲೇ ಬಿಯರ್ ಮಾಡುವುದು ಹೇಗೆ’. ಅನ್ನ ಮಾಡುತ್ತೇವೆ, ಕಾಫಿ ಮಾಡುತ್ತೇವೆ, ಇದನ್ನೂ ಮಾಡುತ್ತೇವೆ. ಗೆಳೆಯರೊಬ್ಬರು ‘ಮನೆಬೀರು’ ಅಂದಿದ್ದರು. ಅದನ್ನು ಓದಿ ಬಟ್ಟೆ ಇಡುವ ಬೀರು ಮಾರಾಟಕ್ಕಿದೆ ಅಂದುಕೊಳ್ಳುತ್ತಾರೆ ಅಂತ ಬಿಟ್ಟೆ.

ಚೀಟಿಗಳು: ಮೊಳಕೆ ಬಾರ್ಲಿ, ನೆನೆಸುವ ಪಾತ್ರೆ, ಹಂಡೆ, ಬಾರ್ಲಿ ಕಟ್ಟು, ಹಾಪ್ಸ್, ಯೀಸ್ಟ್, ಹುದುಗುವ ಜಾಡಿ, ಗ್ಯಾಸ್ ಕೊಳವೆ, ಹೈಡ್ರೋಮೀಟರ್, ಮಡ್ಡಿ. ಹಾಪ್ಸ್ ಪಕ್ಕದಲ್ಲಿ ‘ಯಾಕಿಮಾ ಕಣಿವೆಯ ಬಳ್ಳಿಯ ಹೂವು. ಮೊದಲು ಹಾಕಿದರೆ ಕಹಿ, ಕೊನೆಗೆ ಹಾಕಿದರೆ ಘಮ’ ಅಂತ ಹಾಕಿದೆ. ಸ್ಯಾನಿಟೈಸರ್ ಬಕೆಟ್ಟಿಗೆ ‘ತೊಳೆದದ್ದನ್ನು ಇದರಲ್ಲಿ ಅದ್ದಿ, ಆಮೇಲೆ ಒರೆಸಬೇಡಿ’ ಅಂತ ಬರೆದೆ.

ಒಂದು ಉಳಿದಿದೆ. ಶೀಶೆಗೆ ತುಂಬುವ ಮುಂಚೆ, ಗ್ಯಾಸು ಬರಲಿ ಅಂತ ಸ್ವಲ್ಪ ಸಕ್ಕರೆ ಹಾಕುತ್ತೇವೆ. 19 ಲೀಟರಿಗೆ 120 ಗ್ರಾಂ ಸುತ್ತಮುತ್ತ. ಜಾಸ್ತಿಯಾದರೆ ಶೀಶೆಯೇ ಸಿಡಿಯುತ್ತದೆ. ಆ ಸಕ್ಕರೆಗೆ ಒಂದು ಹೆಸರು ಬೇಕು. ಚೀಟಿ ಕೈಯಲ್ಲೇ ಬರೆಯುತ್ತೇನೆ, ಶನಿವಾರ ರಾತ್ರಿಯವರೆಗೂ ಸಮಯ ಇದೆ.

ಮಂಗಳೂರಿನಿಂದ:

‘ನೊರೆ ಸಕ್ಕರೆ’. ಅಳತೆಯನ್ನು ಚೀಟಿಯ ಮೇಲೆ ದಪ್ಪ ಅಕ್ಷರದಲ್ಲಿ ಬರೆಯಿರಿ.

ತುಮಕೂರಿನಿಂದ:

ಸಕ್ಕರೆಯೂ ಸಂಸ್ಕೃತದ ಶರ್ಕರೆಯೇ.